ಟೈಕೋ ಡೋಲಿಗೆ ಒಂದು ಕಿಲೋ ರವೆ

ಶುಕ್ರವಾರ ಸಂಜೆ ಹೋಗಿ ಭಾನುವಾರ ಸಂಜೆ ವಾಪಸು ಬರುವಷ್ಟರಲ್ಲಿ ಜಪಾನಿನ ಟೈಕೋ ವಿದ್ಯೆಯನ್ನು ಅರೆದು ಕುಡಿದುಬಿಡುತ್ತೇನೆ ಎಂದು ನಾನು ಶಪಥ ಮಾಡಿದೆ! ಟೈಕೋ ಎಂದರೆ ಮತ್ತೇನಲ್ಲ, ಡೋಲು. ಮರದ ಪೀಪಾಯಿಗೆ ಎರಡೂ ಕಡೆ ಚರ್ಮ ಬಿಗಿದು, ಎರಡು ದಪ್ಪ ಕೋಲುಗಳಿಂದ ಬಾರಿಸುವುದು. ಇಷ್ಟಕ್ಕೆ ಎರಡು ರಾತ್ರಿ ಅಲ್ಲೇ ತಂಗಿ ಕಲಿಯುವ ಶಿಬಿರ ಬೇರೆ! ಮೃದಂಗದ ವಂಶದಲ್ಲಿ ಹುಟ್ಟಿದ ನನಗೆ ಇದು ಯಾವ ಮಹಾ?

"ಅಂಬುಜಾ, ನಿನ್ನ ಕ್ಯಾಂಪಿಗೆ ನಾನೂ ಬರ್ತೀನಿ," ಎಂದು ಘೋಷಿಸಿದೆ.

ನನ್ನ ಹೆಂಡತಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ನನ್ನನ್ನೇ ನೋಡಿದಳು. "ಯಾಕ್ರೀ?"

"ಯಾಕೆ ಅಂದ್ರೆ? ಮೃದಂಗ ನಮ್ಮ ರಕ್ತದಲ್ಲೇ ಇದೆ."

"ಮೃದಂಗ ನುಡಿಸ್ತಿದ್ದಿದ್ದು ನಿಮ್ಮ ದೊಡ್ಡಪ್ಪ. ನೀವು ಅದಕ್ಕೆ ರವೆ ಕಲಸಿಕೊಡ್ತಿದ್ರಿ, ಅಷ್ಟೇ."

ಇದು ಸತ್ಯಕ್ಕೆ ತೀರಾ ಹತ್ತಿರವಾದ ಅಪಪ್ರಚಾರ! ಮೈಸೂರಿನಲ್ಲಿ ಸಂಗೀತ ಕಚೇರಿಗೆ ಮುಂಚೆ ದೊಡ್ಡಪ್ಪ ಮೃದಂಗದ ಎಡಗಡೆಯ ಚರ್ಮಕ್ಕೆ ನೀರಲ್ಲಿ ಕಲಸಿದ ರವೆಯನ್ನು ಸಣ್ಣ ವಡೆಯಷ್ಟು ಅಗಲಕ್ಕೆ ಮೆತ್ತುತ್ತಿದ್ದರು. ಆಮೇಲೆ ಅದು 'ಘುಂ' ಎಂದು ಗಂಭೀರವಾಗಿ ಮಾತಾಡುತ್ತಿತ್ತು. ರವೆ ಕಲಸುವ ಜವಾಬ್ದಾರಿ ನನ್ನದು. ರವೆಯಿಲ್ಲದೆ ಘುಂ ಇಲ್ಲ, ಘುಂ ಇಲ್ಲದೆ ಕಚೇರಿ ಇಲ್ಲ. ಹಾಗಾಗಿ ಮೈಸೂರಿನ ಎಷ್ಟೋ ಕಚೇರಿಗಳು ನಡೆದದ್ದೇ ನನ್ನಿಂದ ಎಂದು ನಾನು ಹೇಳಿಕೊಂಡರೆ ತಪ್ಪೇನು?

ಇಷ್ಟೆಲ್ಲ ಹೇಳಿ ನನ್ನ ಹೆಸರೇ ಹೇಳಲಿಲ್ಲ. ನಾನು ಡಾಕ್ಟರ್ ವಿಶ್ವನಾಥ. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಟ್ಟು ಮಲಗಿಸುವುದು ನನ್ನ ಕೆಲಸ. ಮನೆಗೆ ಬಂದ ನೆಂಟರನ್ನು ನಾನು ಔಷಧವಿಲ್ಲದೆ ಬರೀ ಮಾತಿನಲ್ಲೇ ಮಲಗಿಸುತ್ತೇನೆ ಎಂದು ಅಂಬುಜಾ ಹೇಳುವುದುಂಟು. ಅವಳದು ಇನ್ನೊಂದು ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಕೆಲಸ. ವರ್ಷದಿಂದ ಪ್ರತಿ ಗುರುವಾರ ಸಂಜೆ ಅವಳು ಅಕ್ಸ್‌ಬ್ರಿಡ್ಜ್‌ನ ಚರ್ಚ್ ಹಾಲಿಗೆ ಹೋಗಿ ಬರುತ್ತಿದ್ದಳು. ಯಾಕೆ ಹೋಗುತ್ತೇನೆ ಎಂದು ಮೊದಲ ದಿನವೇ ಹೇಳಿದ್ದಳಂತೆ. ನಾನು ಪೇಪರ್ ಓದುತ್ತಾ 'ಹ್ಞೂಂ' ಎಂದಿದ್ದೆನಂತೆ. ಅದು ಟೈಕೋ ಕ್ಲಾಸು ಎಂದು ನನಗೆ ಗೊತ್ತಾದದ್ದು ಮೊನ್ನೆ, ಕಾರಿನ ಡಿಕ್ಕಿಯಲ್ಲಿ ಕೋಲುಗಳು ಸಿಕ್ಕಿದಾಗ. ಯಾರನ್ನು ಹೊಡೆಯಲು ಇಟ್ಟುಕೊಂಡಿದ್ದಾಳೆ ಎಂದು ಅರ್ಧ ದಿನ ಹೆದರಿದ್ದೆ!

"ಬರೋದಾದ್ರೆ ಬನ್ನಿ," ಎಂದಳು ಅಂಬುಜಾ. "ಆದ್ರೆ ಒಂದು ಮಾತು. ಭಾನುವಾರ ಮಧ್ಯಾಹ್ನ ಎಲ್ಲರ ಮನೆಯವರೂ ನೋಡೋಕೆ ಬರ್ತಾರೆ. ಆವತ್ತು ದೊಡ್ಡ ಡೋಲನ್ನ ನಾನೊಬ್ಬಳೇ ಬಾರಿಸ್ಬೇಕು. ವರ್ಷಕ್ಕೊಬ್ಬರಿಗೆ ಮಾತ್ರ ಕೊಡೋದು ಅದು. ಟೀಚರ್ ಹರುಮಿ ಈ ಸಲ ನನಗೆ ಕೊಟ್ಟಿದಾರೆ. ಏನೂ ಎಡವಟ್ಟು ಮಾಡ್ಬೇಡಿ."

"ಹ್ಞೂಂ," ಎಂದೆ.

ಅವಳು ಇನ್ನೂ ಏನೋ ಹೇಳಿದಳು. ಅದಕ್ಕೂ ಧಾರಾಳವಾಗಿ 'ಹ್ಞೂಂ' ಎಂದೆ.

ಶಿಬಿರ ನಡೆಯುವುದು ಅಕ್ಸ್‌ಬ್ರಿಡ್ಜ್‌ನಿಂದಾಚೆ, ಕಾಲುವೆಯ ದಂಡೆಯಲ್ಲಿದ್ದ ಒಂದು ಹಳೆಯ ಹಾಸ್ಟೆಲಿನಲ್ಲಿ. ಹ್ಯಾರೋದ ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ಸ್ವಂತ ಮಂಚ ಅಷ್ಟು ಹತ್ತಿರದಲ್ಲಿದ್ದರೂ ನಾನು ಅಲ್ಲಿ ಗಂಡಸರ ಕೋಣೆಯಲ್ಲಿ, ಮೇಲಿನ ಬರ್ತಿನಲ್ಲಿ, ಬ್ಯಾರಿ ಎಂಬ ರಿಟೈರ್ಡ್ ಪೋಸ್ಟ್‌ಮ್ಯಾನ್‌ನ ಗೊರಕೆಯ ಮೇಲೆ ಮಲಗಿದೆ. ಎಂಥ ಗೊರಕೆ! ಅವನಿಗೆ ಡೋಲಿನ ಅಗತ್ಯವೇ ಇರಲಿಲ್ಲ.

ಟೀಚರ್ ಹರುಮಿ ನನ್ನ ಭುಜಕ್ಕೂ ಬಾರದ, ಅರವತ್ತು ದಾಟಿದ ಜಪಾನಿ ಹೆಂಗಸು. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿಲ್ಲವಂತೆ. ಶನಿವಾರ ಬೆಳಗ್ಗೆ ಎಲ್ಲರೂ ಚಪ್ಪಲಿ ಬಿಟ್ಟು, ಹಾಸ್ಟೆಲಿನ ದೊಡ್ಡ ಹಾಲಿಗೆ ತಲೆಬಾಗಿ ಒಳಗೆ ಹೋದೆವು. ನಾನು ನೆಟ್ಟಗೆ ದೊಡ್ಡ ಡೋಲಿನ ಕಡೆ ನಡೆದೆ. ಏನು ಡೋಲು ಅದು! ಎತ್ತರದ ಮರದ ಪೀಠದ ಮೇಲೆ ಅಡ್ಡಡ್ಡ ಮಲಗಿಸಿದ್ದರು. ಒಂದು ಮುಖ ಈಚೆಗೆ, ಒಂದು ಮುಖ ಆಚೆಗೆ. ಒಳಗೆ ನಮ್ಮ ಮನೆಯ ವಾಷಿಂಗ್ ಮೆಷಿನ್ ಇಟ್ಟರೂ ಇನ್ನೂ ಜಾಗ ಉಳಿಯುತ್ತಿತ್ತು.

"ವಿಶ್ವನಾಥ್ ಅವರೇ, ನಿಮ್ಮದು ಅಲ್ಲಿ," ಎಂದು ಹರುಮಿ ಮೂಲೆ ತೋರಿಸಿದರು.

ಮೂಲೆಯಲ್ಲಿದ್ದದ್ದು ಟಯರು! ಹಳೇ ಕಾರಿನ ಟಯರಿಗೆ ಪ್ಯಾಕಿಂಗ್ ಟೇಪು ಸುತ್ತಿ ಕುರ್ಚಿಯ ಮೇಲಿಟ್ಟಿದ್ದರು. ಹೊಸಬರು ಮೊದಲು ಟಯರಿನ ಮೇಲೇ ಕೈ ಪಳಗಿಸಬೇಕಂತೆ. ಮೃದಂಗದ ವಂಶದ ಕುಡಿಗೆ ಕಾರಿನ ಟಯರು! ದೊಡ್ಡಪ್ಪ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದರು.

ಟಯರಾದರೂ ಸುಮ್ಮನೆ ಬಾರಿಸಲು ಬಿಟ್ಟರೇ? ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಮಾಡಿ ನಿಲ್ಲಬೇಕು. ಹಾಗೆ ನಿಂತ ನನಗೆ ಮತ್ತೆ ಏಳಲು ಬ್ಯಾರಿಯ ಸಹಾಯ ಬೇಕಾಯಿತು. ಎಲ್ಲರೂ "ಡೊನ್ ಡೊನ್ ಡೊಕೊ ಡೊಕೊ" ಎಂದು ಬಾಯಲ್ಲಿ ಹೇಳುತ್ತಾ ಬಾರಿಸುತ್ತಿದ್ದರೆ, ನಾನು ಮಧ್ಯೆ ಮಧ್ಯೆ ಒಂದೊಂದು "ತಕಧಿಮಿ" ಸೇರಿಸಿ ಆ ಬಡಪಾಯಿ ತಾಳಕ್ಕೆ ಒಡವೆ ತೊಡಿಸುತ್ತಿದ್ದೆ.

ಹರುಮಿ ಬಂದು ನಿಂತರು. "ಇದೇನು?"

"ಅಲಂಕಾರ," ಎಂದೆ.

"ಬೇಡ. ಬರೀ ಡೊನ್. ಬಾರಿಸುವುದು ಕಡಿಮೆ, ಕೇಳುವುದು ಜಾಸ್ತಿ."

ಅಷ್ಟರಲ್ಲಿ ನನ್ನ ಕಾಲು ನೆಲದ ಮೇಲಿದ್ದ ಕೋಲಿಗೆ ತಗುಲಿತು. ಅಭ್ಯಾಸಬಲ ನೋಡಿ, ತಕ್ಷಣ ಬಗ್ಗಿ ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹರುಮಿಯ ಮುಖ ಅರಳಿತು. ನನಗೆ ತಲೆಬಾಗಿದರು. ನಾನೂ ಬಾಗಿದೆ. ಅವರು ಮತ್ತೆ ಬಾಗಿದರು. ನಾನು ಬಿಡುತ್ತೇನೆಯೇ? ಸೊಂಟ ಹಿಡಿದುಕೊಳ್ಳುವವರೆಗೂ ಬಾಗಿದೆ! ಇಡೀ ಶಿಬಿರದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಊಟದ ಹೊತ್ತಿಗೆ ಬ್ಯಾರಿಯೂ ಕೋಲಿಗೆ ಕಾಲು ತಗುಲಿದಾಗಲೆಲ್ಲ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಹೊರಗೆ ಬೆಳಗಿನಿಂದ ಬಿಡದೆ ಮಳೆ. ಊಟಕ್ಕೆ ಮುಂಚೆ ಅಂಬುಜಾ ದೊಡ್ಡ ಡೋಲಿನ ಮುಂದೆ ನಿಂತು ಅಭ್ಯಾಸ ಮಾಡಿದಳು. ಆಮೇಲೆ ನನ್ನ ಪಕ್ಕ ಬಂದು ಕೂತು ಸಣ್ಣ ದನಿಯಲ್ಲಿ ಹೇಳಿದಳು: "ಯಾಕೋ ಇವತ್ತು ಸದ್ದೇ ಏಳ್ತಿಲ್ಲ ರೀ. ಒದ್ದೆ ಬಟ್ಟೆ ಒಗೆದ ಹಾಗಿದೆ. ನಾಳೆಯೂ ಹೀಗೇ ಆದ್ರೆ?" ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಯಾವುದಕ್ಕೂ ಅಷ್ಟು ಆಸೆಪಡುವವಳಲ್ಲ ಅವಳು.

ಆಗಲೇ ನನ್ನೊಳಗಿನ ಮೃದಂಗವಂಶ ಎದ್ದು ಕೂತಿತು! ಘುಂ ಬೇಕೆ? ಘುಂ ತರಿಸುವ ವಿದ್ಯೆ ಈ ಲಂಡನ್ ಮಹಾನಗರದಲ್ಲಿ ನನ್ನ ಬಿಟ್ಟರೆ ಯಾರಿಗೆ ಗೊತ್ತು? ಭಾನುವಾರ ಬೆಳಗ್ಗೆ ಶಿಬಿರದವರಿಗೆಲ್ಲ ಉಪ್ಪಿಟ್ಟು ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದ ಅಂಬುಜಾ, ವೆಂಬ್ಲಿಯ ಅಂಗಡಿಯಿಂದ ಒಂದು ಕಿಲೋ ರವೆ ತಂದು ಅಡಿಗೆಮನೆಯಲ್ಲಿ ಇಟ್ಟಿದ್ದಳು. ಎಲ್ಲರೂ ಊಟಕ್ಕೆ ಹೋದಾಗ ಆ ಪೊಟ್ಟಣ ಮತ್ತು ಒಂದು ಬೋಗುಣಿ ಹಿಡಿದು ಹಾಲಿಗೆ ನುಗ್ಗಿದೆ.

ಇಲ್ಲಿ ನನ್ನ ವೃತ್ತಿಯೂ ಕೈ ಜೋಡಿಸಿತು. ನಾವು ಅರಿವಳಿಕೆಯವರು ರೋಗಿಯ ತೂಕ ನೋಡಿ ಔಷಧ ಕೊಡುತ್ತೇವೆ. ಅಂಗೈ ಅಗಲದ ಮೃದಂಗಕ್ಕೆ ಒಂದು ವಡೆಯಷ್ಟಾದರೆ, ಈ ಆಳೆತ್ತರದ ರೋಗಿಗೆ ಎಷ್ಟು? ಲೆಕ್ಕ ಹಾಕಿದೆ. ಇಡೀ ಕಿಲೋ! ನೀರು ಹಾಕಿ ಕಲಸಿ, ದೊಡ್ಡಪ್ಪನನ್ನು ನೆನೆದು, ಡೋಲಿನ ಮುಖದ ನಟ್ಟನಡುವೆ ದೋಸೆಕಲ್ಲಿನಷ್ಟು ಅಗಲಕ್ಕೆ ಮೆತ್ತಿದೆ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಶಾಸ್ತ್ರೋಕ್ತವಾಗಿತ್ತು!

ಕೋಲೆತ್ತಿ ಒಂದು ಏಟು ಕೊಟ್ಟೆ.

ಘುಂ ಬರಲಿಲ್ಲ. 'ಪಚಕ್' ಎಂದಿತು. ಅರ್ಧ ರವೆ ನನ್ನ ಕನ್ನಡಕಕ್ಕೆ ಬಂತು, ಕಾಲು ಭಾಗ ಗೋಡೆಗೆ ಹೋಯಿತು, ಉಳಿದದ್ದು ಡೋಲಿನ ಮುಖದ ಮೇಲೆ ನಿಧಾನವಾಗಿ ಕೆಳಗಿಳಿಯತೊಡಗಿತು. ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡು ಮೆತ್ತಿ ಬೆರಳಲ್ಲಿ ನುಡಿಸುತ್ತಾರೆ, ಕೋಲಿನಲ್ಲಿ ಹೊಡೆಯುವುದಿಲ್ಲ ಎಂಬ ಸಣ್ಣ ವಿಷಯ ನನಗೆ ಹೊಳೆದದ್ದು ಆಗ!

ಹೋಗಲಿ, ಒರೆಸಿಬಿಡೋಣ ಎಂದು ಒದ್ದೆ ಬಟ್ಟೆ ತಂದು ಉಜ್ಜಿದೆ. ರವೆ ಹೋಗಲಿಲ್ಲ, ನೀರು ಒಳಗೆ ಹೋಯಿತು. ಬೆರಳಲ್ಲಿ ತಟ್ಟಿ ನೋಡಿದರೆ ನೆನೆದ ಹಪ್ಪಳ ತಟ್ಟಿದ ಹಾಗಾಯಿತು. ಈಗ ಒಣಗಿಸಬೇಕಲ್ಲ! ಹೆಂಗಸರ ಕೋಣೆಯ ಬಾಗಿಲಲ್ಲೇ ನೇತುಹಾಕಿದ್ದ ಅಂಬುಜಾಳ ಚೀಲದಿಂದ ಹೇರ್ ಡ್ರೈಯರ್ ಎತ್ತಿಕೊಂಡು ಬಂದು, ಅತ್ಯಂತ ಜೋರಿಗೆ ತಿರುಗಿಸಿ, ಡೋಲಿನ ಮುಖಕ್ಕೆ ಹಿಡಿದೆ. ಪೀಠದ ಬುಡದಲ್ಲಿದ್ದ ಪೊಟ್ಟಣದ ತಳದಲ್ಲಿ ಉಳಿದಿದ್ದ ಒಣ ರವೆ ಪುಡಿಯೆಲ್ಲ ಹಾರಿ ಹಾಲಿನ ತುಂಬ ಬಿಳಿ ಮೋಡ ಎದ್ದಿತು. ಆ ಮೋಡ ಮೇಲೆ ಹೋಗಿ ಛಾವಣಿಯ ಫೈರ್ ಅಲಾರಂ ತಲುಪಿತು.

ಆಮೇಲೆ ನೋಡಿ ಸದ್ದು! ನನ್ನ ಜೀವಮಾನದಲ್ಲಿ ನಾನು ಎಬ್ಬಿಸಿದ ಅತಿ ದೊಡ್ಡ ನಾದ ಅದೇ. ಊಟಕ್ಕೆ ಕೂತಿದ್ದವರೆಲ್ಲ ತಟ್ಟೆ ಬಿಟ್ಟು ಮಳೆಯಲ್ಲಿ ಹುಲ್ಲಿನ ಮೇಲೆ ಸಾಲಾಗಿ ನಿಂತರು. ಸ್ವಲ್ಪ ಹೊತ್ತಿಗೆ ಕೆಂಪು ಗಾಡಿಯೂ ಬಂತು. ಹೆಲ್ಮೆಟ್ ಹಾಕಿದ್ದ ಆಜಾನುಬಾಹು ಫೈರ್‌ಮ್ಯಾನ್ ಒಬ್ಬ ಹಾಲಿನ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಸರ್, ಇಲ್ಲೇನು ಸುಡ್ತಾ ಇದೆ?"

"ಏನೂ ಇಲ್ಲ. ಒಣಗಿಸ್ತಾ ಇದೀನಿ."

"ಏನನ್ನ?"

"ಡೋಲನ್ನ."

"ಅದರ ಮೇಲಿರೋದು ಏನು, ಸರ್?"

"ನಾಳೆಯ ಬ್ರೇಕ್‌ಫಾಸ್ಟ್," ಎಂದೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ.

ಅವನು ಅಲಾರಂ ನಿಲ್ಲಿಸಿ ಹೊರಟ. ಬಾಗಿಲಲ್ಲಿ ಹರುಮಿಗೆ "ಇವರು ನಿಮ್ಮವರಾ ಮೇಡಂ?" ಎಂದು ಕೇಳಿದ್ದು ನನಗೆ ಕೇಳಿಸಿತು. ಹರುಮಿ ಯೋಚಿಸಿ, "ಇನ್ನೂ ಇಲ್ಲ," ಎಂದರು.

ಆಮೇಲೆ ಅವರು ಡೋಲಿನ ಹತ್ತಿರ ಬಂದು, ಮೊದಲು ಅದಕ್ಕೆ ತಲೆಬಾಗಿ, ಬೆರಳಿನಿಂದ ಚರ್ಮ ಮುಟ್ಟಿ ನೋಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಯಾಕೆ?" ಎಂದಷ್ಟೇ ಕೇಳಿದರು. ನಾನು ಮೈಸೂರು, ಮೃದಂಗ, ದೊಡ್ಡಪ್ಪ, ಘುಂ, ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿದರು. "ನಿಮ್ಮ ಡೋಲಿಗೆ ಅದು ಊಟ. ನಮ್ಮ ಡೋಲಿಗೆ ಅದು ಜ್ವರ. ಬಿಸಿ ತಾಗಿಸಿದರೆ ಚರ್ಮ ಬಿರಿಯುತ್ತದೆ. ತಾನಾಗಿ ಒಣಗಬೇಕು. ನಾಳೆಗೆ ಒಣಗುತ್ತದೋ ಇಲ್ಲವೋ ಹೇಳಲಾರೆ," ಎಂದರು.

ಅಂಬುಜಾ ಬಾಗಿಲಲ್ಲಿ ನಿಂತಿದ್ದಳು. ಅವಳ ಕೂದಲಿಂದ ಮಳೆನೀರು ಇಳಿಯುತ್ತಿತ್ತು. ನನ್ನ ಕೈಯಿಂದ ಹೇರ್ ಡ್ರೈಯರ್ ತೆಗೆದುಕೊಂಡು, ವೈರನ್ನು ನೀಟಾಗಿ ಸುತ್ತಿ, ಹೊರಟುಹೋದಳು.

ಸಂಜೆ ಟೀ ಹೊತ್ತಿಗೆ ಅಡಿಗೆಮನೆಯಲ್ಲಿ ಅವಳೊಬ್ಬಳೇ ಸಿಕ್ಕಳು. "ನಿನಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು ಕಣೇ," ಎಂದೆ.

"ಗೊತ್ತು." ಕಪ್ಪಿನಲ್ಲಿ ಚಮಚ ತಿರುಗಿಸುತ್ತಲೇ ಇದ್ದಳು. "ಆ ಚರ್ಮಕ್ಕೆ ನೀರು ಸೋಕಿಸ್ಬಾರದು ಅಂತ ಮನೇಲೇ ಹೇಳಿದ್ದೆ. ನೀವು ಹ್ಞೂಂ ಅಂದ್ರಿ."

ಆ 'ಇನ್ನೂ ಏನೋ' ಅದಾಗಿತ್ತು!

"ನಾನು ಯಾಕೆ ಇದಕ್ಕೆ ಸೇರಿದೆ ಗೊತ್ತೇನ್ರೀ ನಿಮಗೆ? ದಿನವಿಡೀ ಸದ್ದು ಬರದ ಕೋಣೇಲಿ ಕೂತಿರ್ತೀನಿ. ಪೀಂ ಅನ್ನಿಸ್ತೀನಿ. ಕೇಳಿಸ್ತಾ ಅಂತೀನಿ. ಇನ್ನೂ ಸಣ್ಣಗೆ ಪೀಂ. ಈಗ ಕೇಳಿಸ್ತಾ ಅಂತೀನಿ. ಮನೆಗೆ ಬಂದು ಮಾತಾಡಿದ್ರೆ ಹ್ಞೂಂ. ನನಗೂ ಒಂದ್ಸಲ ಗಟ್ಟಿಯಾಗಿ ಹೊಡೀಬೇಕು ಅನ್ನಿಸ್ತು. ಕೇಳಿಸ್ತಾ ಅಂತ ಯಾರನ್ನೂ ಕೇಳೋ ಹಾಗೇ ಇರಬಾರದು, ಅಷ್ಟು ಗಟ್ಟಿಯಾಗಿ."

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಇದರಲ್ಲಿ ನಗಿಸುವಂಥದ್ದೇನೂ ಇಲ್ಲ, ಹಾಗಾಗಿ ಇದನ್ನು ಬೇಗ ಮುಗಿಸುತ್ತೇನೆ. "ಅಂಬುಜಾ, ತಪ್ಪಾಯ್ತು," ಎಂದೆ. ಅವಳು ಟೀ ಪೂರ್ತಿ ಕುಡಿದು, ನನಗೂ ಒಂದು ಕಪ್ ಮುಂದಿಟ್ಟು ಹೋದಳು. ಸಕ್ಕರೆ ಹಾಕಿರಲಿಲ್ಲ.

ಭಾನುವಾರ ಉಪ್ಪಿಟ್ಟಿನ ಬದಲು ಎಲ್ಲರೂ ಬ್ರೆಡ್ ತಿಂದರು. "ಆ ಉಪ್ಪಿಟ್ಟು ತುಂಬ ಚೆನ್ನಾಗಿರುತ್ತೆ ಅಂತ ಕೇಳಿದ್ದೆ," ಎಂದು ಬ್ಯಾರಿ ನಿಟ್ಟುಸಿರು ಬಿಟ್ಟ. ನಾನು ಬೆಳಗ್ಗೆಯೆಲ್ಲ ಡೋಲಿನ ಮುಂದೆ ಕೂತು, ಚರ್ಮದ ಅಂಚಿನ ಮೊಳೆಗಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ರವೆಯನ್ನು ಒಣ ಬ್ರಷ್ಷಿನಿಂದ ಕಾಳು ಕಾಳಾಗಿ ಬಿಡಿಸಿದೆ. ಅಕ್ಕಿ ಆರಿಸುವುದು ಎಷ್ಟು ಸುಖದ ಕೆಲಸ ಎಂದು ಆವತ್ತು ತಿಳಿಯಿತು. ಎಷ್ಟು ಬಿಡಿಸಿದರೂ ಮೊಳೆಯ ಸಂದಿಯಿಂದ ಇನ್ನೊಂದು ಕಾಳು ಇಣುಕುತ್ತಿತ್ತು.

ಮಧ್ಯಾಹ್ನ ಹರುಮಿ ಬಂದು ಚರ್ಮ ಮುಟ್ಟಿದರು. "ಇನ್ನೂ ಮೆತ್ತಗಿದೆ," ಎಂದರು. ಅವರು ಬ್ಯಾರಿ ಮತ್ತು ಇನ್ನು ನಾಲ್ಕು ಜನರನ್ನು ಕರೆದು, ಡೋಲನ್ನು ಪೀಠದ ಸಮೇತ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದರು.

ಡೋಲಿಗೆ ಎರಡು ಮುಖ ಇರುತ್ತವೆ! ಮೃದಂಗದ ವಂಶದವನಾದ ನನಗೆ ರಾತ್ರಿಯೆಲ್ಲ ಹೊರಳಾಡಿದರೂ ಅದು ಹೊಳೆದಿರಲಿಲ್ಲ. ರವೆ ಕಾಣದ, ರಾತ್ರಿ ಮಳೆ ನಿಂತ ಮೇಲೆ ಒಣಗಿ ಬಿಗಿಯಾಗಿದ್ದ ಆಚೆ ಮುಖ ಈಚೆಗೆ ಬಂತು.

ಅಲ್ಲಿಗೇ ಮುಗಿಯಲಿಲ್ಲ. ಅಂಬುಜಾ ಹರುಮಿಯ ಕಿವಿಯಲ್ಲಿ ಏನೋ ಹೇಳಿದಳು. ಹರುಮಿ ನನ್ನನ್ನು ಕರೆದರು. "ವಿಶ್ವನಾಥ್ ಅವರೇ, ನೀವು ಹಿಂದಿನ ಮುಖಕ್ಕೆ ನಿಲ್ಲಿ. ಅಂಬುಜಾ ಬಾರಿಸುವಾಗ ತಾಳ ಹಿಡಿಯಿರಿ. ಬರೀ ಡೊನ್. ಅಲಂಕಾರ ಇಲ್ಲ." ಎರಡು ಕೋಲುಗಳನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಬೇರೆ ಯಾರದ್ದೂ ಹಾಗಿರಲಿಲ್ಲ. ನನ್ನ ಕೋಲಿನ ತುದಿಗೆ ದಪ್ಪನೆಯ ಉಣ್ಣೆಯ ಕಾಲುಚೀಲ ಸುತ್ತಿ ಕಟ್ಟಿದ್ದರು. ಟಯರಿನಿಂದ ಒಂದೇ ದಿನದಲ್ಲಿ ದೊಡ್ಡ ಡೋಲಿಗೆ ಬಡ್ತಿ, ಅದೂ ವಿಶೇಷ ಕೋಲಿನ ಜೊತೆ! ಪ್ರತಿಭೆಯನ್ನು ಎಷ್ಟು ದಿನ ಮುಚ್ಚಿಡಲು ಸಾಧ್ಯ?

ಮೂರು ಗಂಟೆಗೆ ಹಾಲು ತುಂಬಿತು. ನಾನು ಡೋಲಿನ ಹಿಂದೆ ನಿಂತೆ. ಮುಂದಿದ್ದ ಅಂಬುಜಾ ನನಗೆ ಕಾಣಿಸುತ್ತಿರಲಿಲ್ಲ. ಕಾಣುತ್ತಿದ್ದದ್ದು ನಾನು ಹಾಳು ಮಾಡಿದ ಚರ್ಮ ಮಾತ್ರ.

ಮೊದಲ ಏಟು ಬಿತ್ತು. ಘುಂ!

ಆ ಸದ್ದು ಕಿವಿಗೆ ಬರುವ ಮುಂಚೆ ನನ್ನ ಹೊಟ್ಟೆಗೆ ಬಂತು. ನಾನೂ ಬಾರಿಸಿದೆ. ಡೊನ್. ಡೊನ್. ಕೈ ತುರಿಸುತ್ತಿತ್ತು, ಒಂದೇ ಒಂದು ತಕಧಿಮಿ ಹಾಕಿಬಿಡಲೇ ಎಂದು. ಹಾಕಿದರೆ ಅವಳು ತಪ್ಪುತ್ತಾಳೆ. ಹಲ್ಲು ಕಚ್ಚಿ ಹಿಡಿದುಕೊಂಡೆ. ಬರೀ ಡೊನ್. ಬರೀ ಕೇಳು. ಅವಳು ನಿಧಾನವಾಗಿ ಶುರುಮಾಡಿ, ಏರಿಸುತ್ತಾ ಏರಿಸುತ್ತಾ ಹೋದಳು. ಎಲ್ಲಿ ಉಸಿರು ತೆಗೆದುಕೊಂಡಳು, ಎಲ್ಲಿ ಕೈ ಸೋಲುತ್ತಿದೆ, ಎಲ್ಲಿ ಮತ್ತೆ ಧೈರ್ಯ ಮಾಡಿದಳು, ಎಲ್ಲವೂ ನನಗೆ ಆಚೆಯಿಂದ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಪ್ರತಿ ಏಟಿಗೂ ಮೊಳೆಯ ಸಂದಿಯಲ್ಲಿ ಉಳಿದಿದ್ದ ರವೆ ಉದುರಿ, ನಮ್ಮ ಮದುವೆಯ ದಿನದ ಅಕ್ಷತೆಯ ಹಾಗೆ ನನ್ನ ತಲೆಯ ಮೇಲೆ ಬೀಳುತ್ತಿತ್ತು. ಕೊನೆಗೆ ಅವಳು ಕೂಗಿದಳು. "ಹೋ!" ಮದುವೆಯಾದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಹಾಲಿನವರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಡೋಲಿನ ಹಿಂದೆ ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ರವೆ ಬಿದ್ದಿತ್ತು ಎಂದೇ ಇಟ್ಟುಕೊಳ್ಳಿ.

ವಾಪಸು ಬರುವಾಗ ಕಾರು ಓಡಿಸುತ್ತಿದ್ದವಳು ಅಂಬುಜಾ. ಮುಖದಲ್ಲಿ ನಗು ನಿಲ್ಲುತ್ತಿರಲಿಲ್ಲ. ಅವಳ ನಗು ನೋಡಿ ನನಗೆ ಜೀವ ಬಂತು. ಜೀವ ಬಂದದ್ದೇ ತಡ, ಬಾಯಿಯೂ ಬಂತು.

"ಏನೇ ಹೇಳು ಅಂಬುಜಾ, ನೀನು ಅದ್ಭುತವಾಗಿ ಬಾರಿಸಿದೆ. ಆದ್ರೆ ಹಿಂದೆ ತಾಳ ಅಷ್ಟು ಗಟ್ಟಿಯಾಗಿ ನಿಂತಿದ್ರಿಂದ ತಾನೇ? ವಂಶದ ರಕ್ತ ಅಂದ್ರೆ ಸುಮ್ನೇನಾ!"

ಅಂಬುಜಾ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದಳು. "ರೀ, ಎದುರಿಗೆ ಕೂತಿದ್ರೆ ನೀವು ತೊಡೆ ತಟ್ಕೊಂಡು ತಾಳ ಹಾಕಿ ನನ್ನ ದಾರಿ ತಪ್ಪಿಸ್ತಿದ್ರಿ. ಅದಕ್ಕೇ ಇವರನ್ನ ಹಿಂದೆ ನಿಲ್ಲಿಸಿ ಅಂತ ನಾನೇ ಹೇಳಿದೆ. ಬೆಳಗ್ಗೆಯಿಂದ ರವೆ ಆರಿಸ್ತಾ ಕೂತಿದ್ರಿ, ಪಾಪ, ಕೈಗೊಂದು ಕೆಲಸ ಇರ್ಲಿ ಅಂತ. ಒದ್ದೆ ಚರ್ಮ, ಅದರ ಮೇಲೆ ಕಾಲುಚೀಲ ಸುತ್ತಿದ ಕೋಲು. ನಿಮ್ಮ ಕಡೆಯಿಂದ ಒಂದು ಚೂರೂ ಸದ್ದು ಬರ್ಲಿಲ್ಲ."

"ಸುಳ್ಳು!" ಎಂದೆ. "ನನ್ನ ಕಿವಿಯಾರೆ ಕೇಳಿದೀನಿ ಕಣೇ! ಒಂದೊಂದು ಏಟಿಗೂ ಘುಂ ಘುಂ ಅಂತ ಬರ್ತಿತ್ತು!"

ಹಸಿರು ದೀಪ ಬಂತು. ಅಂಬುಜಾ ಗೇರ್ ಹಾಕಿದಳು.

"ಅದು ನಾನು ಕಣ್ರೀ."